ಯಂತ್ರ ಬರಲಿ, ಕಾಗದವೂ ಇರಲಿ

ಆಂಬುಲೆನ್ಸ್ ಗಾಡಿಯಲ್ಲಿ ರೋಗಿಯ ವಿವರಗಳನ್ನು ಕಾಗದದ ಬದಲು ಕೈಯಲ್ಲಿ ಹಿಡಿಯುವ ಕಂಪ್ಯೂಟರಿನಲ್ಲಿ ಬರೆದಿಡುವ ಪದ್ಧತಿ ಹಲವು ದೇಶಗಳಲ್ಲಿ ಬಂದಿದೆ. ಇದು ಅಧಿಕಾರಿಗಳ ಕಚೇರಿಯ ವಿಷಯ, ಗಿರಣಿಯಲ್ಲಿ ದುಡಿಯುವವನಿಗೂ ಅಂಗಡಿಯಲ್ಲಿ ಕುಳಿತವನಿಗೂ ಇದರಿಂದ ಆಗಬೇಕಾದುದೇನು ಎಂದು ಯಾರಾದರೂ ಕೇಳಬಹುದು. ಆಗಬೇಕಾದುದು ಬಹಳ ಇದೆ.

ಪಾರ್ಶ್ವವಾಯುವನ್ನೇ ತೆಗೆದುಕೊಳ್ಳೋಣ. ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಚುಚ್ಚುಮದ್ದು ಇದೆ. ಸಾಮಾನ್ಯವಾಗಿ ಅದನ್ನು ರೋಗ ಕಾಣಿಸಿದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬಾಯಿ ಸೊಟ್ಟಗಾದದ್ದು ಎಷ್ಟು ಗಂಟೆಗೆ ಎಂಬುದು ಮನೆಯವರಿಗೆ ಗೊತ್ತು; ಅವರು ಅದನ್ನು ಮೊದಲು ಹೇಳುವುದು ಆಂಬುಲೆನ್ಸಿನವನಿಗೆ. ಅವನು ಬರೆದುಕೊಳ್ಳದಿದ್ದರೆ, ಬರೆದ ಚೀಟಿ ಮಳೆಯಲ್ಲಿ ನೆನೆದರೆ, ಕಾರ್ಬನ್ ಪ್ರತಿ ಓದಲು ಬಾರದಿದ್ದರೆ, ಮದ್ದಿದ್ದೂ ವೈದ್ಯರು ಕೊಡಲು ಹಿಂಜರಿಯಬೇಕಾಗುತ್ತದೆ. ಅಂಗಡಿಯ ಕಿರ್ದಿಯಲ್ಲಿ ತಪ್ಪು ಬಿದ್ದರೆ ಹೋಗುವುದು ಹಣ. ಈ ಚೀಟಿಯಲ್ಲಿ ತಪ್ಪು ಬಿದ್ದರೆ ಹೋಗುವುದು ದುಡಿಯುವ ಕೈಯ ಬಲ, ಒಮ್ಮೊಮ್ಮೆ ಪ್ರಾಣ.

ಆದುದರಿಂದ ನಾವು ಯಂತ್ರವನ್ನು ವಿರೋಧಿಸುವುದಿಲ್ಲ. ನಾಡಿ, ರಕ್ತದೊತ್ತಡ, ಹೃದಯದ ಇಸಿಜಿ ಗೆರೆ ಇವೆಲ್ಲ ಗಾಡಿ ಇನ್ನೂ ದಾರಿಯಲ್ಲಿರುವಾಗಲೇ ಆಸ್ಪತ್ರೆಗೆ ತಲುಪುವುದಾದರೆ, ಅದನ್ನು ಬೇಡವೆನ್ನುವವನು ಬಡವರ ಹಿತೈಷಿಯಲ್ಲ. ನಮ್ಮ ಪ್ರಶ್ನೆ, ಅದನ್ನು ತರುವ ಬಗೆ ಹೇಗೆ ಎಂಬುದು.

ಇಂಗ್ಲೆಂಡಿನ ಅನುಭವ ಇಲ್ಲಿ ಪಾಠ ಹೇಳುತ್ತದೆ. ೧೯೯೨ರ ಅಕ್ಟೋಬರ್ ೨೬ರಂದು ಲಂಡನ್ ಆಂಬುಲೆನ್ಸ್ ಸೇವೆಯು ಗಾಡಿಗಳನ್ನು ಕಳುಹಿಸುವ ಕೆಲಸವನ್ನು ನಗರಕ್ಕೆಲ್ಲ ಒಮ್ಮೆಲೇ ಕಂಪ್ಯೂಟರಿಗೆ ಒಪ್ಪಿಸಿತು. ಯಾವ ಗಾಡಿ ಎಲ್ಲಿದೆ ಎಂಬುದು ಯಂತ್ರಕ್ಕೆ ಸರಿಯಾಗಿ ತಿಳಿಯಲಿಲ್ಲ. ಕರೆಗಳು ರಾಶಿಬಿದ್ದವು, ಒಂದೇ ಕರೆಗೆ ಎರಡು ಗಾಡಿ ಹೋದದ್ದೂ ಉಂಟು. ನವೆಂಬರ್ ೪ರ ಬೆಳಗಿನ ಜಾವ ಯಂತ್ರ ಪೂರ್ತಿ ನಿಂತಿತು. ಸಿಬ್ಬಂದಿ ಮರಳಿ ಕಾಗದ ಹಿಡಿದರು. ಮರುವರ್ಷದ ವಿಚಾರಣಾ ವರದಿ ಕಾರಣಗಳನ್ನು ಎತ್ತಿ ಹೇಳಿತು: ಅಗ್ಗದ ಗುತ್ತಿಗೆ, ಮುಗಿಯದ ಪರೀಕ್ಷೆ, ಅರೆಬರೆ ತರಬೇತಿ, ಆಡಳಿತಕ್ಕೂ ಸಿಬ್ಬಂದಿಗೂ ನಡುವೆ ಇಲ್ಲದ ನಂಬಿಕೆ.

ಅದು ಗಾಡಿ ಕಳುಹಿಸುವ ಯಂತ್ರದ ಮಾತಾಯಿತು. ರೋಗಿಯ ದಾಖಲೆಯ ಗತಿಯೇನು? ದಕ್ಷಿಣ ಇಂಗ್ಲೆಂಡಿನ ಎರಡು ಸಾರ್ವಜನಿಕ ಆಂಬುಲೆನ್ಸ್ ಸಂಸ್ಥೆಗಳು ಇದಕ್ಕಾಗಿ ಸ್ವೀಡನ್ನಿನ ಒಂದು ಖಾಸಗಿ ಕಂಪನಿಯ ವ್ಯವಸ್ಥೆಯನ್ನು ನೆಚ್ಚಿದ್ದವು. ೨೦೨೩ರ ಜುಲೈನಲ್ಲಿ ಆ ಕಂಪನಿಯ ಕಂಪ್ಯೂಟರುಗಳ ಮೇಲೆ ದಾಳಿ ನಡೆಯಿತು. ದಾಖಲೆಗಳು ಕೈಗೆ ಸಿಗದಾದವು. ಅಲ್ಲಿಯೂ ಕೈಹಿಡಿದದ್ದು ಕಾಗದವೇ.

ನಮ್ಮ ನಾಡಿನಲ್ಲಿ ೧೦೮ರ ಸೇವೆ ೨೦೦೮ರ ನವೆಂಬರ್ ೧ರಂದು ಆರಂಭವಾಯಿತು. ೨೦೨೨ರ ಸೆಪ್ಟೆಂಬರಿನಲ್ಲಿ ಅದರ ಕರೆ ಕೇಂದ್ರದ ಕಂಪ್ಯೂಟರ್ ಕೆಟ್ಟಾಗ ಸಿಬ್ಬಂದಿ ಕೈಯಾರೆ ಕೆಲಸ ಸಾಗಿಸಬೇಕಾಯಿತು, ಜನ ಕಾಯಬೇಕಾಯಿತು. ಇದು ದೂರದೇಶದ ಕಥೆ ಮಾತ್ರವಲ್ಲ ಎಂಬುದಕ್ಕೆ ಇಷ್ಟು ಸಾಕು.

ಈ ಅನುಭವಗಳಿಂದ ನಾವು ಕಲಿತು ಕೇಳತಕ್ಕದ್ದು ನಾಲ್ಕು. ಒಂದು, ಹೊಸ ಯಂತ್ರವನ್ನು ಮೊದಲು ಕೆಲವೇ ಗಾಡಿಗಳಲ್ಲಿಟ್ಟು ಪರೀಕ್ಷಿಸಬೇಕು. ಗಾಡಿಯಲ್ಲಿ ದುಡಿಯುವವರ ಅಭಿಪ್ರಾಯ ಪಡೆಯಬೇಕು. ತರಬೇತಿಯನ್ನು ಕೆಲಸದ ವೇಳೆಯಲ್ಲೇ, ಸಂಬಳ ಸಮೇತ ಕೊಡಬೇಕು. ಎರಡು, ಪ್ರತಿ ಗಾಡಿಯಲ್ಲೂ ಕಾಗದದ ಪುಸ್ತಕ ಇರಲೇಬೇಕು. ಅದರಲ್ಲಿ ಬರೆಯುವ ಅಭ್ಯಾಸ ತಪ್ಪಬಾರದು. ಮೂರು, ಯಂತ್ರ ಗುರುತಿಸುವ ಗಂಟೆ ನಿಮಿಷಗಳು ರೋಗಿಯ ಉಪಯೋಗಕ್ಕಾಗಿ. ಚಾಲಕನ ಬೆನ್ನಿಗೆ ಬಾರುಕೋಲಾಗಬಾರದು. ಕೆಟ್ಟ ರಸ್ತೆಗೆ ಅವನು ಹೊಣೆಯಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಈ ದಾಖಲೆ ರೋಗಿಯದು. ಮೂರ್ಛೆರೋಗವೋ ಕ್ಷಯವೋ ಇದ್ದ ಕಾರ್ಮಿಕನೊಬ್ಬನ ವಿವರ ಆಂಬುಲೆನ್ಸಿನಿಂದ ಗಿರಣಿಯ ಕಚೇರಿಗೆ ಹೋದರೆ ಮರುದಿನ ಅವನಿಗೆ ಕೆಲಸ ಇರುತ್ತದೆಯೇ? ವಿಮಾ ಕಂಪನಿಗೆ ಹೋದರೆ ಅವನ ಕಂತು ಏರದೇ? ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು ಪಾರ್ಲಿಮೆಂಟು ೨೦೨೩ರಲ್ಲಿ ಕಾಯಿದೆ ಮಾಡಿದೆ. ಆದರೆ ಕಾಯಿದೆ ಪುಸ್ತಕದಲ್ಲಿದ್ದರೆ ಸಾಲದು. ದಾಖಲೆಯನ್ನು ಯಾರು ನೋಡಬಹುದು, ಯಾರು ನೋಡಕೂಡದು ಎಂಬುದನ್ನು ಗುತ್ತಿಗೆಪತ್ರದಲ್ಲಿಯೇ ಬರೆದು ಜನರೆದುರು ಇಡಬೇಕು. ರೋಗಿ ಕೇಳಿದರೆ ಅವನಿಗೆ ತಿಳಿಯುವ ಕನ್ನಡದಲ್ಲಿ ಪುಕ್ಕಟೆಯಾಗಿ ಒಂದು ಪ್ರತಿ ಸಿಗಬೇಕು.

ಇಷ್ಟಕ್ಕೆ ಹಣವೆಲ್ಲಿದೆ ಎಂಬ ಉತ್ತರ ಬರುವುದು ನಮಗೆ ಗೊತ್ತು. ಯಂತ್ರ ಕೊಳ್ಳಲು ಹಣವಿದ್ದವರಿಗೆ ಅದನ್ನು ಬಳಸುವವನಿಗೆ ಕಲಿಸಲು ಹಣವಿಲ್ಲವೆಂಬ ಮಾತನ್ನು ಯಾರೂ ಒಪ್ಪಲಾರರು.

ಅಲ್ಲಿಯವರೆಗೆ ನಮ್ಮ ಓದುಗರಲ್ಲಿ ಒಂದು ವಿನಂತಿ. ಮನೆಯಲ್ಲಿ ಯಾರಿಗಾದರೂ ಕೈಕಾಲು ಬಿದ್ದು ಆಂಬುಲೆನ್ಸ್ ಕರೆದರೆ, ಅದು ಶುರುವಾದ ಗಂಟೆಯನ್ನು ಸಿಬ್ಬಂದಿಗೆ ತಪ್ಪದೆ ಹೇಳಿರಿ. ಬರೆದುಕೊಂಡಿರಾ ಎಂದು ಕೇಳಿರಿ. ಕೇಳುವುದಕ್ಕೆ ಸಂಕೋಚ ಬೇಡ.