ಇವತ್ತು ಯಾವ ಮೀನು?

ರಜೆ ಬಂತೆಂದರೆ ಘಟ್ಟದ ಮೇಲಿನ ಮನೆಗಳಲ್ಲಿ ಕರಾವಳಿ ಪ್ರವಾಸದ ಮಾತು ಏಳುತ್ತದೆ. ಮಂಗಳೂರಿನಿಂದ ಕಾರವಾರದ ಕಡೆಗೆ ಹೊರಟರೆ ಮರವಂತೆಯಲ್ಲಿ ಎಡಕ್ಕೆ ಅರಬ್ಬೀ ಸಮುದ್ರ, ಬಲಕ್ಕೆ ಸೌಪರ್ಣಿಕಾ ನದಿ. ಮಕ್ಕಳು ಕಿಟಕಿಗೆ ಅಂಟಿಕೊಂಡು ನೋಡುತ್ತಾರೆ. ಆದರೆ ಹಸಿವಾದಾಗ ಕಾರು ನಿಲ್ಲುವುದು ಗೋಬಿ ಮಂಚೂರಿ, ಫ್ರೈಡ್ ರೈಸ್ ಸಿಗುವ ಕಡೆ! ಅದು ನಮ್ಮ ಊರಿನ ಬಸ್ ನಿಲ್ದಾಣದ ಎದುರೂ ಸಿಗುತ್ತದಲ್ಲವೇ?

ಒಂದು ಹೊತ್ತಾದರೂ 'ಊಟ ತಯಾರಿದೆ' ಎಂದು ಹಲಗೆ ತೂಗುಹಾಕಿದ ಸಣ್ಣ ಹೋಟೆಲಿಗೆ ಹೋಗಿ. ಅಲ್ಲಿ ನಾಲ್ಕು ಬೆಂಚು, ಸ್ಟೀಲ್ ತಟ್ಟೆ ಇಷ್ಟೇ ಇರಬಹುದು. ಆದರೆ ಆ ತಟ್ಟೆಯಲ್ಲಿ ವಿಜ್ಞಾನದ ಮೂರು ಪಾಠಗಳಿವೆ.

ಮೊದಲನೆಯದು ಅನ್ನ. ದಪ್ಪ ಅಗುಳಿನ, ಕೆಂಪು ಛಾಯೆಯ ಕುಚ್ಚಲಕ್ಕಿ ಕಂಡು ಮಕ್ಕಳು ಮುಖ ಸಿಂಡರಿಸುವುದುಂಟು. ಈ ಅಕ್ಕಿಯನ್ನು ಭತ್ತವಾಗಿರುವಾಗಲೇ ನೆನೆಸಿ, ಬೇಯಿಸಿ, ಒಣಗಿಸಿ ಆಮೇಲೆ ಮಿಲ್ ಮಾಡುತ್ತಾರೆ. ಬೇಯುವಾಗ ತೌಡಿನಲ್ಲಿರುವ ಬಿ1 ಜೀವಸತ್ವದ ಒಂದಷ್ಟು ಭಾಗ ನೀರಿನಲ್ಲಿ ಕರಗಿ ಕಾಳಿನ ಒಳಗೆ ಸೇರುತ್ತದೆ. ಹಾಗಾಗಿ ಮಿಲ್‌ನಲ್ಲಿ ತೌಡು ಹೋದರೂ ಅದು ಪೂರ್ತಿ ಹೋಗುವುದಿಲ್ಲ. ಜಾವಾ ದ್ವೀಪದಲ್ಲಿದ್ದ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್, ಪಾಲಿಶ್ ಮಾಡಿದ ಅಕ್ಕಿ ತಿಂದ ಕೋಳಿಗಳಿಗೆ ಬೆರಿಬೆರಿಯಂಥ ನರರೋಗ ಬರುವುದನ್ನು 1890ರ ದಶಕದಲ್ಲಿ ಕಂಡುಕೊಂಡರು. ತೌಡು ಕೊಟ್ಟಾಗ ಅವು ಚೇತರಿಸಿಕೊಂಡವು. ಈ ಕೆಲಸಕ್ಕೆ 1929ರಲ್ಲಿ ನೊಬೆಲ್ ಬಹುಮಾನವೂ ಸಂದಿತು. ನಮ್ಮ ಅಜ್ಜಿಯಂದಿರಿಗೆ ಜೀವಸತ್ವದ ಹೆಸರು ಗೊತ್ತಿರಲಿಲ್ಲ, ಭತ್ತ ಕುಚ್ಚುವುದು ಗೊತ್ತಿತ್ತು. ಬೇಯಿಸಿದ ನೀರಿಗೂ ಜೀವಸತ್ವ ಇಳಿಯುವುದರಿಂದ ಗಂಜಿ ತಿಳಿ ಕೊಟ್ಟರೆ ಬೇಡವೆನ್ನಬೇಡಿ.

ಎರಡನೆಯದು ಮೀನು. (ಸಸ್ಯಾಹಾರಿ ಮಿತ್ರರು ನೇರವಾಗಿ ಮೂರನೆಯ ಪಾಠಕ್ಕೆ ಬರಬಹುದು!) ಇಂಥ ಹೋಟೆಲುಗಳಲ್ಲಿ ಅಚ್ಚು ಮಾಡಿಸಿದ ಪಟ್ಟಿಗಿಂತ ಅಂದಿನ ಬಲೆ ದೊಡ್ಡದು. "ಇವತ್ತು ಯಾವ ಮೀನು? ಯಾವಾಗ ಬಂದದ್ದು?" ಎಂದು ಕೇಳಲು ಸಂಕೋಚ ಬೇಡ. ಇದು ಬರೀ ನಾಲಿಗೆಯ ಪ್ರಶ್ನೆಯಲ್ಲ. ಬಂಗುಡೆ, ಬೂತಾಯಿಯಂಥ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲ ಹೆಚ್ಚು. ಹಿಡಿದ ಮೀನನ್ನು ಮಂಜುಗಡ್ಡೆಯಿಲ್ಲದೆ ಬಿಸಿಲಿನಲ್ಲಿ ಬಿಟ್ಟರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಪರಿವರ್ತಿಸುತ್ತವೆ. ತಿಂದ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪೇರುವುದು, ತುರಿಕೆ, ತಲೆನೋವು ಶುರುವಾಗಬಹುದು. ಜನ ಇದನ್ನು 'ಮೀನು ಒಗ್ಗಲಿಲ್ಲ' ಎನ್ನುತ್ತಾರೆ. ಬ್ಯಾಕ್ಟೀರಿಯಾ ಕಾವಲಿಯ ಮೇಲೆ ಸಾಯುತ್ತದೆ, ಆದರೆ ಒಮ್ಮೆ ಹುಟ್ಟಿದ ಹಿಸ್ಟಮಿನ್ ಹುರಿದರೂ ಕುದಿಸಿದರೂ ಹೋಗುವುದಿಲ್ಲ. ಮಸಾಲೆ ಮೆತ್ತುವ ಮೊದಲು ಮೀನು ತೋರಿಸಿದರೆ ನೋಡಿ: ತಾಜಾ ಮೀನಿನ ಕಣ್ಣು ಹೊಳೆಯುತ್ತಿರುತ್ತದೆ, ಕಿವಿರು ಕೆಂಪಗಿರುತ್ತದೆ, ಬೆರಳಿನಿಂದ ಒತ್ತಿದ ಗುಳಿ ತಟ್ಟನೆ ಮೇಲೇಳುತ್ತದೆ.

ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಅನೇಕ ಜಾತಿಯ ಮೀನುಗಳು ಮರಿಮಾಡುವ ಮಳೆಗಾಲ ಅದು. ಆಗ ತಟ್ಟೆಗೆ ಬರುವ ಮೀನು ನಾಡದೋಣಿಯವರು ಹಿಡಿದದ್ದಿರಬಹುದು, ಶೈತ್ಯಾಗಾರದ್ದಿರಬಹುದು. "ಇವತ್ತು ಮೀನಿಲ್ಲ" ಎಂದು ಹೋಟೆಲಿನವರು ಹೇಳಿದರೆ ಬೇಸರ ಬೇಡ. ಅದು ಪ್ರಾಮಾಣಿಕತೆಯ ಮಾತು.

ಮೂರನೆಯ ಪಾಠ ಲೋಟದಲ್ಲಿದೆ. ದಕ್ಷಿಣ ಕನ್ನಡದ ಪುನರ್ಪುಳಿ ಉತ್ತರ ಕನ್ನಡದಲ್ಲಿ ಮುರುಗಲು. ಅದರ ಸಿಪ್ಪೆಯ ಕೆಂಪಿಗೆ ಆಂಥೊಸಯನಿನ್ ಎಂಬ ವರ್ಣದ್ರವ್ಯ ಕಾರಣ. ಒಣಸಿಪ್ಪೆಯನ್ನು ಮನೆಗೆ ತಂದು ನೀರಿನಲ್ಲಿ ನೆನೆಸಿ, ಆ ನೀರಿಗೆ ಚಿಟಿಕೆ ಚಿಟಿಕೆಯಾಗಿ ಅಡುಗೆ ಸೋಡಾ ಹಾಕುತ್ತಾ ಹೋಗಿ. ಬುರುಗೆದ್ದು, ಕೆಂಪು ಬಣ್ಣ ಬದಲಾಗುತ್ತದೆ. ಮತ್ತೆ ನಿಂಬೆರಸ ಹಿಂಡಿ ನೋಡಿ. ಶಾಲೆಯ ಲಿಟ್ಮಸ್ ಕಾಗದ ಮಾಡುವ ಕೆಲಸವನ್ನೇ ಈ ಹಣ್ಣೂ ಮಾಡುತ್ತದೆ. ಆ ಲೋಟದ ನೀರನ್ನು ಮಾತ್ರ ಕುಡಿಯಬೇಡಿ.

ಪಾಲಕರಲ್ಲಿ ಒಂದು ವಿನಂತಿ. ಹೋಟೆಲಿನಲ್ಲಿ ಮಕ್ಕಳು "ಇದೇನು? ಯಾಕೆ ಹೀಗೆ?" ಎಂದಾಗ "ಸುಮ್ಮನೆ ತಿನ್ನು" ಎನ್ನಬೇಡಿ. ನಿಮಗೆ ಉತ್ತರ ಗೊತ್ತಿಲ್ಲದಿದ್ದರೆ ಬಡಿಸುವವರನ್ನು ಕೇಳಿ. ಗಿರಾಕಿ ಕಡಿಮೆಯಿದ್ದ ಹೊತ್ತಿನಲ್ಲಿ ಅಡುಗೆಯವರೇ ಹೊರಬಂದು ಸಂತೋಷದಿಂದ ಹೇಳುತ್ತಾರೆ. ಎಷ್ಟೋ ಮಕ್ಕಳು ತರಗತಿಯಲ್ಲಿ ಕೈ ಎತ್ತದಿರುವುದು ಬುದ್ಧಿ ಕಡಿಮೆಯೆಂದಲ್ಲ, ಕೇಳಿದರೆ ಗದರುತ್ತಾರೆಂಬ ಅಳುಕಿನಿಂದ. ಆ ಅಳುಕು ಊಟದ ಮೇಜಿನಲ್ಲೇ ಹೋಗಲಿ.

ವಿದ್ಯಾರ್ಥಿ ಮಿತ್ರರೇ, ಈ ಸಲದ ಮನೆಗೆಲಸ ಸುಲಭ. ಊಟಕ್ಕೆ ನಿಂತ ಪ್ರತಿ ಊರಿನಲ್ಲೂ ಮೀನು, ಹಣ್ಣು, ಅಕ್ಕಿಗಳ ಸ್ಥಳೀಯ ಹೆಸರುಗಳನ್ನು ಕೇಳಿ ಬರೆದುಕೊಳ್ಳಿ. ಮಂಗಳೂರಿನ ಬೂತಾಯಿ ಕಾರವಾರ ತಲುಪುವಷ್ಟರಲ್ಲಿ ತಾರ್ಲೆ ಆಗಿರುತ್ತದೆ. ನಡುವೆ ಇನ್ನೆಷ್ಟು ಹೆಸರು ಸಿಕ್ಕವು, ಎಣಿಸಿ ನೋಡಿ.