ಉದ್ಯಾನದ ಬೀಗವೂ ಬಡಾವಣೆಯ ಭೀತಿಯೂ

ಬೆಂಗಳೂರಿನ ದಕ್ಷಿಣ ಭಾಗದ ಒಂದು ಬಡಾವಣೆಯ ನಿವಾಸಿಗಳ ಸಂಘದವರು ಕಳೆದ ಭಾನುವಾರ ಸಭೆ ಸೇರಿ ಒಂದು ನಿರ್ಣಯವನ್ನು ಮಾಡಿರುವರು. ಸಂಜೆ ಆರು ಗಂಟೆಯಾದೊಡನೆ ಉದ್ಯಾನಕ್ಕೆ ಬೀಗ ಹಾಕತಕ್ಕದ್ದು. ಹದಿಮೂರರಿಂದ ಹದಿನೆಂಟರ ಪ್ರಾಯದ 'ಹೊರಗಿನ' ಹುಡುಗರನ್ನು ಯಾವ ಹೊತ್ತಿನಲ್ಲಿಯೂ ಒಳಕ್ಕೆ ಬಿಡತಕ್ಕದ್ದಲ್ಲ. ಬೀದಿಯಲ್ಲಿ ನಿಷ್ಕಾರಣವಾಗಿ ನಿಂತವರ ಭಾವಚಿತ್ರವನ್ನು ತೆಗೆದು ಸಂಘದ ವಾಟ್ಸಾಪ್ ಗುಂಪಿಗೆ ಕಳುಹಿಸತಕ್ಕದ್ದು. ಇದೇ ನಿರ್ಣಯದ ಸಾರಾಂಶ. ಬರುವ ಭಾನುವಾರದ ಸಭೆಯಲ್ಲಿ ಇದು ಖಾಯಂ ಆಗಬೇಕಾಗಿದೆ. ಆ ಬಡಾವಣೆಯು ನಾವು ವಾಸಿಸುವ ಬಡಾವಣೆಯೇ ಆದುದರಿಂದಲೂ, ಇಂತಹ ನಿರ್ಣಯಗಳು ನಗರದ ಇತರ ಕಡೆಗಳಲ್ಲಿಯೂ ಆಗುತ್ತಿರುವುದರಿಂದಲೂ, ಈ ವಿಷಯವಾಗಿ ಎರಡು ಮಾತುಗಳನ್ನು ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸುವೆವು.

ಸಭೆಯಲ್ಲಿದ್ದ ಮಹನೀಯರು ದುಷ್ಟರಲ್ಲ. ನಿವೃತ್ತ ಅಧಿಕಾರಿಗಳು, ಉಪಾಧ್ಯಾಯರು, ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದವರು, ಎಲ್ಲರೂ ಗೌರವಸ್ಥರೇ. ಅವರ ಭೀತಿಯೂ ಕೇವಲ ಕಟ್ಟುಕಥೆಯಲ್ಲ. ದ್ವಿಚಕ್ರವಾಹನದಲ್ಲಿ ಬಂದವರು ಕೊರಳ ಸರವನ್ನು ಕಿತ್ತುಕೊಂಡು ಹೋದಂದಿನಿಂದ ಸಂಜೆಯ ಹೊತ್ತು ದೇವಸ್ಥಾನಕ್ಕೆ ಹೋಗುವುದನ್ನೇ ಬಿಟ್ಟಿರುವ ವೃದ್ಧೆಯೊಬ್ಬರು ಅಲ್ಲಿ ಎದ್ದುನಿಂತು ಮಾತನಾಡಿದರು. ಅವರ ಮಾತಿಗೆ ಯಾರೂ ಅಂಕಿಗಳಿಂದ ಉತ್ತರ ಕೊಡಲಾರರು, ಕೊಡಲೂಬಾರದು. ತನ್ನ ಬೀದಿಯಲ್ಲಿ ನಿರ್ಭಯದಿಂದ ನಡೆಯುವುದು ಪ್ರತಿಯೊಬ್ಬ ನಾಗರಿಕನ ಮೊದಲನೆಯ ಹಕ್ಕು.

ಆದರೆ ಆ ಸರವನ್ನು ಕಿತ್ತವರ ವಯಸ್ಸನ್ನು ಯಾರೂ ಕಂಡಿರಲಿಲ್ಲ. ತಲೆಗೆ ಹೆಲ್ಮೆಟ್ ಇದ್ದಿತು, ಗಾಡಿ ಕ್ಷಣದಲ್ಲಿ ಮರೆಯಾಯಿತು. ಹೀಗಿದ್ದರೂ ಸಭೆ ಮುಗಿಯುವಷ್ಟರಲ್ಲಿ ಅವರಿಬ್ಬರೂ 'ಹದಿನಾರು ಹದಿನೇಳರ ಪೋರರು' ಆಗಿಬಿಟ್ಟಿದ್ದರು! ಈ ರೂಪಾಂತರವು ಹೇಗಾಯಿತೆಂಬುದೇ ನಾವು ವಿಚಾರಿಸಬೇಕಾದ ಸಂಗತಿ.

ರಾಷ್ಟ್ರೀಯ ಅಪರಾಧ ದಾಖಲೆಗಳ ಕಚೇರಿಯವರು ಪ್ರಕಟಿಸಿರುವ ಲೆಕ್ಕದಂತೆ, ಹದಿನೆಂಟು ತುಂಬದವರ ಮೇಲೆ ದೇಶದಲ್ಲೆಲ್ಲ ದಾಖಲಾದ ಪ್ರಕರಣಗಳು 2016ರಲ್ಲಿ 35,849; 2022ರಲ್ಲಿ 30,555. ಮರುವರ್ಷ ಸ್ವಲ್ಪ ಏರಿ 31 ಸಾವಿರವನ್ನು ದಾಟಿತೆಂಬುದನ್ನೂ ಮರೆಮಾಚದೆ ಹೇಳುವೆವು. 2022ರಲ್ಲಿ ದೇಶದಲ್ಲಿ ದಾಖಲಾದ ಒಟ್ಟು ಅಪರಾಧಗಳು 58 ಲಕ್ಷಕ್ಕೂ ಮಿಕ್ಕಿದ್ದುವು. ಎಂದಮೇಲೆ ಹುಡುಗರ ಪಾಲು ನೂರಕ್ಕೆ ಒಂದನ್ನೂ ಮುಟ್ಟುವುದಿಲ್ಲ. ದಾಖಲಾಗದೆ ಉಳಿದ ಅಪರಾಧಗಳು ಬೇಕಾದಷ್ಟಿವೆಯೆಂದು ಯಾರಾದರೂ ಹೇಳಬಹುದು; ನಿಜವೇ. ಆದರೆ ದಾಖಲಾಗದಿರುವುದು ದೊಡ್ಡವರ ಅಪರಾಧಗಳಿಗೂ ಸಮಾನವಾಗಿ ಅನ್ವಯಿಸುವ ಮಾತು. ಇನ್ನೊಂದು ವಿಷಯವು ಇದಕ್ಕಿಂತಲೂ ಗಮನಾರ್ಹವಾದುದು. ಹೀಗೆ ಹಿಡಿಯಲ್ಪಟ್ಟವರಲ್ಲಿ ಬಹುಮಂದಿ ದಿಕ್ಕುದೆಸೆಯಿಲ್ಲದೆ ಅಲೆಯುವವರಲ್ಲ. ತಂದೆತಾಯಿಗಳೊಡನೆ ಮನೆಯಲ್ಲಿ ವಾಸಿಸುವವರು. ನಾಲ್ವರಲ್ಲಿ ಮೂವರಿಗಿಂತ ಹೆಚ್ಚಿನವರು ಹದಿನಾರರಿಂದ ಹದಿನೆಂಟರೊಳಗಿನವರು, ಎಂದರೆ ಶಾಲೆಯನ್ನು ಮುಗಿಸಿಯೋ ಬಿಟ್ಟೋ, ಮುಂದೇನೆಂದು ತಿಳಿಯದೆ ನಿಂತಿರುವ ಪ್ರಾಯದವರು.

ಹಾಗಾದರೆ ಭೀತಿಯು ಬೆಳೆಯುತ್ತಿರುವುದೇಕೆ? ಒಂದು ಪಾಲಿನ ಹೊಣೆಯನ್ನು ಪತ್ರಿಕೆಯವರಾದ ನಾವೇ ಹೊರಬೇಕು. ನಲವತ್ತು ವಯಸ್ಸಿನವನು ಮನೆಗೆ ಕನ್ನ ಹಾಕಿದರೆ ಒಳಪುಟದಲ್ಲಿ ನಾಲ್ಕು ಸಾಲು. ಹದಿನಾರರವನು ಅದನ್ನೇ ಮಾಡಿದರೆ ದಪ್ಪಕ್ಷರದ ತಲೆಬರಹ, ಅದರ ಕೆಳಗೆ ಕಾಲವು ಕೆಟ್ಟಿತೆಂಬ ವಿಲಾಪ. ಉಳಿದ ಪಾಲು ಪ್ರತಿಯೊಬ್ಬರ ಕೈಯಲ್ಲಿರುವ ಮೊಬೈಲಿನದು. ಮೇಲುಸೇತುವೆಯೊಂದರ ಮೇಲೆ ನಾಲ್ವರು ಹುಡುಗರು ಮುಂಗಾಲಿಯನ್ನೆತ್ತಿ ಗಾಡಿ ಓಡಿಸಿದ ಚಿತ್ರವನ್ನು ಒಂದೇ ರಾತ್ರಿಯಲ್ಲಿ ಲಕ್ಷ ಜನ ನೋಡುತ್ತಾರೆ. ನೋಡಿದವರೆಲ್ಲರಿಗೂ ಅದು ತಮ್ಮ ಬೀದಿಯಲ್ಲಿಯೇ ನಡೆದಂತೆ ತೋರುತ್ತದೆ. ಸಂಘದ ಗುಂಪಿನಲ್ಲಿ ನಮಗೆ ಬಂದ ಒಂದು ಚಿತ್ರವು ನಮ್ಮ ರಾಜ್ಯದ್ದೇ ಅಲ್ಲವೆಂಬುದು, ಹಿಂದೆ ಕಾಣುತ್ತಿದ್ದ ಅಂಗಡಿಯ ಹಲಗೆಯ ಹಿಂದಿ ಅಕ್ಷರಗಳಿಂದಲೇ ಗೊತ್ತಾಗುವಂತಿದ್ದಿತು. ಆದರೂ ಮೂವರು 'ನಮ್ಮ ಮೂರನೆಯ ಅಡ್ಡರಸ್ತೆ' ಎಂದು ಬರೆದಿದ್ದರು.

ಇದನ್ನು ನಗೆಯ ವಿಷಯವೆಂದು ತಳ್ಳಿಹಾಕುವಂತಿಲ್ಲ. 2018ರ ಮೇ ತಿಂಗಳಲ್ಲಿ ಇದೇ ನಗರದ ಚಾಮರಾಜಪೇಟೆಯಲ್ಲಿ ಏನು ನಡೆಯಿತೆಂಬುದನ್ನು ವಾಚಕರು ಮರೆತಿರಲಾರರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿಯು ಮೊಬೈಲಿನಿಂದ ಮೊಬೈಲಿಗೆ ಹಬ್ಬಿ, ಹೊಟ್ಟೆಪಾಡಿಗಾಗಿ ರಾಜಸ್ಥಾನದಿಂದ ಬಂದಿದ್ದ ಇಪ್ಪತ್ತಾರರ ಯುವಕನೊಬ್ಬನನ್ನು ಹಾಡುಹಗಲಿನಲ್ಲಿ ಕಟ್ಟಿ ಹೊಡೆದು ಕೊಂದರು. 2024ರ ಆಗಸ್ಟಿನಲ್ಲಿ ತುಮಕೂರು ರಸ್ತೆಯಲ್ಲಿ ಗಾಡಿಯ ಮುಂಗಾಲಿಯನ್ನೆತ್ತಿ ಓಡಿಸುತ್ತಿದ್ದವರ ಮೇಲಿನ ಸಿಟ್ಟಿನಿಂದ ಜನರು ಅವರ ಸ್ಕೂಟರುಗಳನ್ನು ಮೇಲುಸೇತುವೆಯಿಂದ ಕೆಳಕ್ಕೆ ಎಸೆದರು. ಸಿಟ್ಟಿಗೆ ಕಾರಣವಿದ್ದಿತು, ಆದರೆ ಕೆಳಗಿನ ರಸ್ತೆಯಲ್ಲಿ ಆ ಕ್ಷಣ ಯಾರಾದರೂ ಹಾದುಹೋಗುತ್ತಿದ್ದಿದ್ದರೆ ಏನಾಗುತ್ತಿದ್ದಿತು?

ನಮ್ಮ ಬಡಾವಣೆಯಲ್ಲಿಯೂ ಚಿಕ್ಕ ಪ್ರಮಾಣದಲ್ಲಿ ಇಂತಹುದೇ ಒಂದು ಸಂಗತಿ ನಡೆದುಹೋಗಿದೆ. ಎರಡು ವಾರಗಳ ಹಿಂದೆ ಬೆಳಗಿನ ಜಾವ ಐದು ಗಂಟೆಗೆ ಸೈಕಲ್ಲಿನ ಮೇಲೆ ಬರುತ್ತಿದ್ದ ಹದಿನಾರರ ಹುಡುಗನೊಬ್ಬನನ್ನು ಕಾವಲುಗಾರನೂ ಇಬ್ಬರು ನಿವಾಸಿಗಳೂ ತಡೆದು, ಚೀಲದಲ್ಲೇನಿದೆಯೆಂದು ಗದರಿಸಿ, ಉತ್ತರ ಹೇಳುವ ಮೊದಲೇ ಕೆನ್ನೆಗೆ ಹೊಡೆದರು. ಚೀಲದಲ್ಲಿದ್ದುದು ದಿನಪತ್ರಿಕೆಗಳು. ಎರಡು ವರ್ಷಗಳಿಂದ ಅವನೇ ಆ ಮನೆಗಳ ಬಾಗಿಲಿಗೆ ಪತ್ರಿಕೆಯನ್ನು ಎಸೆದು ಹೋಗುತ್ತಿದ್ದವನು. ಅವನ ಮುಖವನ್ನು ಮಾತ್ರ ಯಾರೂ ನೋಡಿರಲಿಲ್ಲ. ಸಭೆಯಲ್ಲಿ ಕಾವಲುಗಾರನ ಎಚ್ಚರಿಕೆಯನ್ನು ಪ್ರಶಂಸಿಸಲಾಯಿತು.

ಈ ದೇಶದಲ್ಲಿ ಒಮ್ಮೆ ಕಾನೂನೇ ಇಂತಹ ಕಣ್ಣಿನಿಂದ ಜನರನ್ನು ನೋಡಿದ್ದುಂಟು. 1871ರಲ್ಲಿ ಬ್ರಿಟಿಷ್ ಸರಕಾರದವರು ಮಾಡಿದ 'ಅಪರಾಧಿ ಬುಡಕಟ್ಟುಗಳ' ಕಾನೂನಿನಂತೆ, ಗೊತ್ತುಮಾಡಿದ ಜಾತಿಗಳಲ್ಲಿ ಹುಟ್ಟಿದವರನ್ನು ಏನೂ ಮಾಡುವ ಮೊದಲೇ ಕಳ್ಳರೆಂದು ಪಟ್ಟಿಯಲ್ಲಿ ಬರೆದುಕೊಳ್ಳುತ್ತಿದ್ದರು. ಅಂತಹವರನ್ನು ಕೂಡಿಹಾಕಿದ ಜಾಗಕ್ಕೆ ಹುಬ್ಬಳ್ಳಿಯಲ್ಲಿ ಇಂದಿಗೂ 'ಸೆಟ್ಲ್‌ಮೆಂಟ್' ಎಂಬ ಹೆಸರೇ ಉಳಿದಿದೆ. ಸ್ವಾತಂತ್ರ್ಯ ಬಂದ ಐದು ವರ್ಷಗಳಿಗೆ, 1952ರಲ್ಲಿ, ಆ ಕಾನೂನು ರದ್ದಾಯಿತು. ಪುಸ್ತಕದಿಂದ ತೆಗೆದುದನ್ನು ಉದ್ಯಾನದ ಬಾಗಿಲಿಗೆ ಅಂಟಿಸಲು ನಮ್ಮ ಸಂಘಕ್ಕೆ ಯಾವ ಅಧಿಕಾರವಿದೆಯೋ ತಿಳಿಯದು.

'ಹುಡುಗರಿಗೆ ಶಿಕ್ಷೆಯೇ ಇಲ್ಲ, ಆದುದರಿಂದಲೇ ಈ ಧೈರ್ಯ' ಎಂಬ ಮಾತು ಸಭೆಯಲ್ಲಿ ಹಲವು ಸಲ ಕೇಳಿಬಂದಿತು. ಕಾನೂನನ್ನು ಬಲ್ಲ ಅಧಿಕಾರಿಗಳೇ ಹೀಗೆ ಹೇಳುವುದು ಆಶ್ಚರ್ಯಕರ. 2012ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ನಡೆದ ಘೋರಕೃತ್ಯದ ಆರು ಮಂದಿ ಆಪಾದಿತರಲ್ಲಿ ಒಬ್ಬನಿಗೆ ಹದಿನೆಂಟು ತುಂಬಿರಲಿಲ್ಲ. ಅವನು ಮೂರು ವರ್ಷಗಳ ಬಳಿಕ ಬಿಡುಗಡೆಯಾದಾಗ ದೇಶವೆಲ್ಲ ಕುದಿಯಿತು. ಅದಕ್ಕೆ ಮುಂಚೆಯೇ, 2013ರ ಜನವರಿಯಲ್ಲಿ ವರದಿಯನ್ನೊಪ್ಪಿಸಿದ ನ್ಯಾಯಮೂರ್ತಿ ಜೆ. ಎಸ್. ವರ್ಮಾ ಅವರ ಸಮಿತಿಯು ಬಾಲ್ಯದ ವಯೋಮಿತಿಯನ್ನು ತಗ್ಗಿಸಬೇಕಾಗಿಲ್ಲವೆಂದು ಸ್ಪಷ್ಟವಾಗಿ ಹೇಳಿದ್ದಿತು. ಆದರೂ ಸಂಸತ್ತು 2015ರಲ್ಲಿ ಹೊಸ ಬಾಲನ್ಯಾಯ ಕಾನೂನನ್ನು ಮಾಡಿತು. 2016ರ ಜನವರಿಯಿಂದ ಅದು ಜಾರಿಯಲ್ಲಿದೆ. ಕನಿಷ್ಠ ಏಳು ವರ್ಷಗಳ ಸಜೆಯುಳ್ಳ ಘೋರಾಪರಾಧವನ್ನು ಹದಿನಾರು ತುಂಬಿದವನು ಮಾಡಿದಲ್ಲಿ, ಬಾಲನ್ಯಾಯ ಮಂಡಳಿಯು ಅವನ ತಿಳಿವಳಿಕೆಯನ್ನು ಪರೀಕ್ಷಿಸಿ, ಉಚಿತವೆಂದು ಕಂಡರೆ ವಯಸ್ಕನಂತೆ ವಿಚಾರಣೆಗೆ ಒಳಪಡಿಸಲು ಅವಕಾಶವಿದೆ. ಗಲ್ಲು, ಬಿಡುಗಡೆಯ ಆಶೆಯೇ ಇಲ್ಲದ ಜೀವಾವಧಿ, ಈ ಎರಡು ಶಿಕ್ಷೆಗಳು ಮಾತ್ರ ಅವನಿಗಿಲ್ಲ. ಇದಕ್ಕಿಂತ ಹೆಚ್ಚು ಕಾಠಿಣ್ಯವನ್ನು ಯಾರು ಬಯಸುವರೋ ನಾವರಿಯೆವು.

ಅದೇ ಕಾನೂನು ಇನ್ನೂ ಕೆಲವು ಮಾತುಗಳನ್ನು ಹೇಳುತ್ತದೆ. ಅವನ್ನು ಸಭೆಯಲ್ಲಿ ಒಬ್ಬರೂ ಎತ್ತಲಿಲ್ಲ. ಹಿಡಿದ ಮಗುವನ್ನು ಪೋಲೀಸ್ ಠಾಣೆಯ ಲಾಕಪ್ಪಿನಲ್ಲಿಡಕೂಡದು. 24 ಗಂಟೆಗಳೊಳಗೆ ಮಂಡಳಿಯ ಮುಂದೆ ತರಬೇಕು. ಅಂತಹ ಮಗುವಿನ ಹೆಸರನ್ನಾಗಲಿ ಚಿತ್ರವನ್ನಾಗಲಿ ಪ್ರಕಟಿಸಿದವರಿಗೆ ಆರು ತಿಂಗಳವರೆಗೆ ಸಜೆ ಅಥವಾ ಎರಡು ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ, ಇಲ್ಲವೆ ಎರಡೂ ಉಂಟು. ಗುಂಪಿಗೆ ಭಾವಚಿತ್ರಗಳನ್ನು ಕಳುಹಿಸಲು ಉತ್ಸುಕರಾಗಿರುವ ಮಹಾಶಯರು ಇದನ್ನು ಒಮ್ಮೆ ವಕೀಲರಿಂದ ಕೇಳಿ ತಿಳಿದರೆ ಒಳಿತು. ಇನ್ನು, ಮಕ್ಕಳನ್ನು ಕಾನೂನುಬಾಹಿರ ಕೆಲಸಗಳಿಗೆ ಉಪಯೋಗಿಸುವ ವಯಸ್ಕರಿಗೂ, ಗಾಂಜಾದಂತಹ ಮಾದಕಪದಾರ್ಥವನ್ನು ಅವರ ಕೈಯಲ್ಲಿ ಸಾಗಿಸುವವರಿಗೂ, ಅವರಿಗೇ ಕುಡಿಸುವವರಿಗೂ ಏಳು ವರ್ಷಗಳವರೆಗೆ ಕಠಿಣ ಸಜೆಯನ್ನು ಇದೇ ಕಾನೂನು ವಿಧಿಸಿದೆ. ಶಾಲೆಯ ಗೋಡೆಯ ಪಕ್ಕದ ಗೂಡಂಗಡಿಯಲ್ಲಿ ಏನು ಮಾರಾಟವಾಗುತ್ತಿದೆಯೆಂದು ನಮ್ಮ ಬಡಾವಣೆಯಲ್ಲಿ ತಿಳಿಯದವರಿಲ್ಲ. ಆ ಅಂಗಡಿಯವನ ಭಾವಚಿತ್ರವನ್ನು ತೆಗೆಯಬೇಕೆಂದು ಯಾರಿಗೂ ತೋಚಲಿಲ್ಲ. ಅವನು ದೊಡ್ಡವನು, ತಿರುಗಿ ಕೇಳಬಲ್ಲವನು.

ಮನೆಯೊಳಗಿನ ಮಾತನ್ನೂ ಆಡಿಬಿಡುವುದು ಮೇಲು. 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ಹದಿನೇಳರ ಹುಡುಗನೊಬ್ಬನು ಬೆಲೆಬಾಳುವ ಕಾರನ್ನು ವೇಗವಾಗಿ ಓಡಿಸಿ ಇಬ್ಬರು ತರುಣ ಎಂಜಿನಿಯರುಗಳನ್ನು ಬಲಿತೆಗೆದುಕೊಂಡನು. ಮೊದಲು ಅವನಿಗೆ ಜಾಮೀನು ಕೊಟ್ಟು, ರಸ್ತೆ ಅಪಘಾತಗಳನ್ನು ಕುರಿತು ಮುನ್ನೂರು ಪದಗಳ ಪ್ರಬಂಧವನ್ನು ಬರೆಯಲು ಹೇಳಿದುದು ದೇಶಕ್ಕೆಲ್ಲ ತಿಳಿದ ಕಥೆ. ಅವನು ಕೊಳಗೇರಿಯಿಂದ ಬಂದವನಲ್ಲ. 2019ರ ತಿದ್ದುಪಡಿಯಾದ ಮೋಟಾರು ವಾಹನ ಕಾನೂನಿನ ಪ್ರಕಾರ, ವಯಸ್ಸು ತುಂಬದವನು ವಾಹನವನ್ನು ನಡೆಸಿ ಅಪರಾಧವೆಸಗಿದಲ್ಲಿ ಪೋಷಕನಿಗೆ ಅಥವಾ ವಾಹನದ ಮಾಲೀಕನಿಗೆ ಮೂರು ವರ್ಷಗಳವರೆಗೆ ಸಜೆ, 25,000 ರೂಪಾಯಿ ಜುಲ್ಮಾನೆ. ವಾಹನದ ನೋಂದಣಿಯು ಒಂದು ವರ್ಷ ರದ್ದು. ಆ ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸು ಇಲ್ಲ. ನಿರ್ಣಯಕ್ಕೆ ಕೈಯೆತ್ತಿದವರ ಮನೆಗಳಿಂದ ಪ್ರತಿ ಬೆಳಿಗ್ಗೆ ಟ್ಯೂಷನ್ನಿಗೆ ಹೊರಡುವ ಸ್ಕೂಟರುಗಳನ್ನು ನಾವು ಎಣಿಸಿದ್ದೇವೆ. ಸಂಖ್ಯೆಯನ್ನು ಹೇಳಿ ನೆರೆಹೊರೆಯ ಸ್ನೇಹವನ್ನು ಕೆಡಿಸಿಕೊಳ್ಳುವ ಇಚ್ಛೆಯಿಲ್ಲ.

ಬೀದಿಯನ್ನು ಕಾಯುವುದು ಬೀದಿಯಲ್ಲಿರುವ ಜನ. ಆರು ಗಂಟೆಗೆ ಉದ್ಯಾನವನ್ನು ಮುಚ್ಚಿದರೆ ಮೊದಲು ಮನೆ ಸೇರುವವರು ವೃದ್ಧರೂ ಹೆಂಗಸರೂ ಮಕ್ಕಳೂ. ಬಳಿಕ ಆ ಕತ್ತಲೆಯು ಯಾರಿಗೆ ಬೇಕೋ ಅವರಿಗೇ ಮೀಸಲಾಗುತ್ತದೆ. ನಗರದ ಉದ್ಯಾನಗಳು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿರಬೇಕೆಂದು 2024ರಲ್ಲಿ ನಗರಪಾಲಿಕೆಯವರೇ ಗೊತ್ತುಮಾಡಿದ್ದರು. ಸಾರ್ವಜನಿಕರ ಹಣದಿಂದಾದ ಉದ್ಯಾನಕ್ಕೆ ಸಂಘದವರು ಬೀಗ ತರುವುದು ನ್ಯಾಯವೂ ಅಲ್ಲ, ವಿವೇಕವೂ ಅಲ್ಲ. ಉದ್ಯಾನದ ಹಿಂದಿನ ರಸ್ತೆಯಲ್ಲಿ ಏಳು ಕಂಬಗಳಿದ್ದು ಮೂರರಲ್ಲಿ ಮಾತ್ರ ದೀಪವಿದೆ. ಸರ ಹೋದದ್ದು ಅದೇ ರಸ್ತೆಯಲ್ಲಿ. ಇದನ್ನು ಹೇಳಿಕೊಳ್ಳಲು ಊರಿಗೊಬ್ಬ ಪ್ರತಿನಿಧಿಯಾದರೂ ಬೇಡವೆ? 2020ರ ಸೆಪ್ಟೆಂಬರಿನಲ್ಲಿ ನಗರಪಾಲಿಕೆಯ ಸದಸ್ಯರ ಅವಧಿಯು ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ, ವಾರ್ಡುಗಳು ವಾರಸುದಾರರಿಲ್ಲದ ಮನೆಗಳಂತಾದುವು. ಸರಕಾರದವರು ಸಾವಿರಾರು ಕ್ಯಾಮರಾಗಳನ್ನು ನೆಟ್ಟಿರುವುದು ಸರಿಯೇ. ಕ್ಯಾಮರಾವು ನಡೆದುದನ್ನು ತೋರಿಸುತ್ತದೆ, ಗಸ್ತಿನ ಪೇದೆಯು ನಡೆಯದಂತೆ ತಡೆಯುತ್ತಾನೆ. ಪ್ರತಿ ಠಾಣೆಯಲ್ಲಿಯೂ ಮಕ್ಕಳ ಕಲ್ಯಾಣದ ಹೊಣೆಯುಳ್ಳ ಪೋಲೀಸ್ ಅಧಿಕಾರಿಯೊಬ್ಬರು ಇರಬೇಕೆಂದು ಕಾನೂನು ವಿಧಿಸಿದೆ. ನಮ್ಮ ಠಾಣೆಯಲ್ಲಿ ಅವರು ಯಾರೆಂದು ಸಂಘದ ಪದಾಧಿಕಾರಿಗಳನ್ನು ಕೇಳಿದೆವು; ಒಬ್ಬರಿಗೂ ತಿಳಿದಿರಲಿಲ್ಲ. ನಮಗೂ ತಿಳಿದಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳುವೆವು.

ಬರುವ ಭಾನುವಾರದ ಸಭೆಯಲ್ಲಿ ನಾವು ನಿರ್ಣಯಕ್ಕೆ ವಿರೋಧವಾಗಿ ಕೈಯೆತ್ತುವೆವು. ಅದರ ಬದಲು, ನಾಲ್ಕು ದೀಪಗಳಿಗಾಗಿ ಪಾಲಿಕೆಗೆ ಅರ್ಜಿ, ಗೂಡಂಗಡಿಯ ಮೇಲೆ ಠಾಣೆಗೆ ಲಿಖಿತ ದೂರು, ಉದ್ಯಾನದ ಮೂಲೆಯ ಬರಿನೆಲದಲ್ಲಿ ಕಬಡ್ಡಿಗೊಂದು ಅಂಕಣ, ಈ ಮೂರನ್ನೂ ಸಭೆಯ ಮುಂದಿಡಬೇಕೆಂದಿದ್ದೇವೆ. ನಮ್ಮ ಪಕ್ಷಕ್ಕೆ ಎಷ್ಟು ಕೈಗಳು ಏಳುವುವೋ ಹೇಳಲಾರೆವು.

ಪತ್ರಿಕೆಯ ಹುಡುಗನು ಕೆಲಸವನ್ನು ಬಿಟ್ಟಿದ್ದಾನೆ. ಈಗ ನಮ್ಮ ಬೀದಿಗೆ ಪತ್ರಿಕೆಯು ಬರುವುದು ಎಂಟು ಗಂಟೆಗೆ; ತಡವಾಗುತ್ತಿದೆಯೆಂದು ಸಂಘದ ಗುಂಪಿನಲ್ಲಿ ದೂರುಗಳು ಬರುತ್ತಿವೆ.