ಹುಲಿವೇಷದ ಮೇಲೇಕೆ ಈ ಸಿಟ್ಟು?

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಲ್ಲಿ ಮೊಹರಂ ಬಂತೆಂದರೆ ಅಲಾಯಿ ಕುಣಿ ತೋಡುತ್ತಾರೆ, ಪೀರಗಳನ್ನು ಕೂಡಿಸುತ್ತಾರೆ, ಹರಕೆ ಹೊತ್ತವರು ಹುಲಿವೇಷ ಹಾಕುತ್ತಾರೆ. ಮೈಗೆಲ್ಲ ಹಳದಿ ಬಳಿದು, ಕರಿ ಪಟ್ಟೆ ಎಳೆದು, ಹಲಗೆಯ ಬಡಿತಕ್ಕೆ ಕುಣಿಯುವ ಈ ಹುಲಿಗಳಲ್ಲಿ ಮುಸ್ಲಿಮರಿಗಿಂತ ಇತರರೇ ಹೆಚ್ಚಿರುವ ಊರುಗಳಿವೆ. ಮುಸ್ಲಿಮರ ಒಂದು ಮನೆಯೂ ಇಲ್ಲದ ಊರಲ್ಲೂ ಪೀರಗಳು ಕೂಡುತ್ತವೆ.

ಇದು ಶಿರ್ಕ್, ಬಿಡಿ ಎನ್ನುತ್ತಾರೆ ನಮ್ಮ ಕೆಲವು ಮೌಲ್ವಿಗಳು. ಸಾಬರ ಹಬ್ಬದಲ್ಲಿ ನಿಮಗೇನು ಕೆಲಸ ಎನ್ನುತ್ತಾರೆ ಆ ಕಡೆಯ ಧರ್ಮರಕ್ಷಕರು. ಪರಸ್ಪರ ಮುಖ ನೋಡದ ಇವರಿಬ್ಬರಿಗೆ ಹುಲಿಯನ್ನು ಓಡಿಸುವುದರಲ್ಲಿ ಮಾತ್ರ ಎಂಥ ಒಗ್ಗಟ್ಟು!

ಹಜರತ್ ಅಲಿಯವರನ್ನು ಅಸದುಲ್ಲಾ, ಶೇರ್-ಎ-ಖುದಾ ಎಂದು ಕರೆದವರು ಯಾರು? ದಖನಿ ಮಾತಿನಲ್ಲಿ ಶೇರ್ ಎಂದರೆ ಸಿಂಹವೂ ಹೌದು, ಹುಲಿಯೂ ಹೌದು. ಸಿಂಹ ಕಾಣದ ನಾಡಿನ ರೈತ ತಾನು ಬಲ್ಲ ಹುಲಿಯನ್ನೇ ಬರೆಸಿಕೊಂಡ. 1832ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ಜಾಫರ್ ಷರೀಫರ ‘ಕಾನೂನ್-ಎ-ಇಸ್ಲಾಂ’ನಲ್ಲೇ ಮೊಹರಂ ಹುಲಿವೇಷದ ವರ್ಣನೆಯಿದೆ. ಇದೇನು ನಿನ್ನೆ ಮೊನ್ನೆಯ ಹುಚ್ಚಲ್ಲ.

680ರ ಕರ್ಬಲಾ ದುಃಖದ ದಿನ, ಕುಣಿತ ಸಲ್ಲದು ಎಂಬ ಮಾತನ್ನು ನಾವು ಹಗುರವಾಗಿ ಕಾಣುವುದಿಲ್ಲ. ಹಾಗೆ ನಂಬುವವರು ಆಶೂರಾದ ಉಪವಾಸ ಇರಲಿ. ಆದರೆ ಮಗುವಿನ ಜ್ವರ ಇಳಿಯಲೆಂದು ಹರಕೆ ಹೊತ್ತ ತಾಯಿಯನ್ನು ಆಶೂರಖಾನೆಯ ಬಾಗಿಲಿನಿಂದ ಹಿಂದಕ್ಕೆ ಕಳಿಸಲು ಇವರು ಯಾರು?

ಹುಡುಗರ ಮೇಲೆ ನಿಜವಾದ ಕಾಳಜಿಯಿದ್ದರೆ ಆಯಿಲ್ ಪೇಂಟಿನ ಬಗ್ಗೆ ಮಾತಾಡಲಿ. ಅದನ್ನು ಬಳಿದುಕೊಂಡು ದಿನವಿಡೀ ಕುಣಿದು, ರಾತ್ರಿ ಸೀಮೆಎಣ್ಣೆಯಿಂದ ಉಜ್ಜಿದರೆ ಚರ್ಮ ಉರಿಯುತ್ತದೆ. ಆ ಬಗ್ಗೆ ಯಾವ ಫತ್ವಾವೂ ನಮ್ಮ ಕಿವಿಗೆ ಬಿದ್ದಿಲ್ಲ.